ಮಸ್ಕತ್ತಿನ ಶುಕ್ರವಾರ, ದೊಡವಾಡದ ಸೋಮವಾರ

ನಮ್ಮ ದೊಡವಾಡದಲ್ಲಿ ಈಗ ಒಂದು ಮಾತು ಗಟ್ಟಿಯಾಗಿ ನಿಂತುಬಿಟ್ಟಿದೆ. ನಮ್ಮ ದೊಡ್ಡವ್ವ ಮಸ್ಕತ್ತಿಗೆ ಹೋದಾಗ ಸಮುದ್ರದ ದಂಡೆಯ ಮೇಲೆ ಧ್ಯಾನಕ್ಕೆ ಕೂತಳಂತೆ. ಮುಂಜಾನೆ ಕೂತವಳು ಹೊತ್ತು ಇಳಿಯುವವರೆಗೆ ಏಳಲಿಲ್ಲವಂತೆ. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತಂತೆ. ಈ ಅಂತೆಗಳನ್ನು ನಾನು ಒಪ್ಪುವುದಿಲ್ಲ. ಕಾರಣ ಬಹಳ ಸರಳ. ಆ ಹೊತ್ತು ಅವಳ ಪಕ್ಕದಲ್ಲಿ, ಅದೇ ಕಟ್ಟೆಯ ಮೇಲೆ, ನಾನು ಕೂತಿದ್ದೆ. ದೊಡ್ಡವ್ವ ಧ್ಯಾನ ಮಾಡುತ್ತಿರಲಿಲ್ಲ. ಗೊರಕೆ ಹೊಡೆಯುತ್ತಿದ್ದಳು.

ಈ ವಿಷಯ ಇವತ್ತು ಮತ್ತೆ ಎದ್ದದ್ದು ಒಂದು ಫೋಟೋದಿಂದ. ಇವತ್ತು ಸೋಮವಾರ, ನಾನು ಪಾಠ ಹೇಳುವ ಶಾಲೆಗೆ ಚಳಿಗಾಲದ ರಜೆ. ಮಸ್ಕತ್ತಿನಲ್ಲಿ ರಜೆ ಸಿಕ್ಕವರು ಮಾಡುವುದನ್ನೇ ನಾನೂ ಮಾಡಿದೆ. ಮತ್ರಾ ಎಂಬ ಹಳೆಯ ಬಂದರಿನ ದಂಡೆಗೆ ಬಂದು, ಮಲೆಯಾಳಿ ಹೋಟೆಲಿನಿಂದ ಕಾಗದದ ಲೋಟದಲ್ಲಿ ಚಹಾ ಹಿಡಿದು, ನೀರಿಗೆ ಮುಖ ಮಾಡಿ ಕೂತೆ. ಹಿಂದಿನ ಪೇಟೆಯಿಂದ ಲೋಬಾನದ ಹೊಗೆ ತೇಲಿ ಬರುತ್ತಿತ್ತು. ಚಳಿಗಾಲದ ಬಿಸಿಲು ಮೈಗೆ ಹಿತವಾಗಿತ್ತು. ಅಷ್ಟರಲ್ಲಿ ಫೋನು ನಡುಗಿತು. ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ದೊಡ್ಡವ್ವನ ಮಗ ಈರಣ್ಣ ಒಂದು ಚಿತ್ರ ಹಾಕಿದ್ದ. ನಾನೇ ತೆಗೆದ ಫೋಟೋ ಅದು. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಬಿಟ್ಟಿದ್ದಾರೆ. ಗಾಜಿನ ಮೇಲೆ ವಿಭೂತಿ ಎಳೆದಿದ್ದಾರೆ. ಮಾಲೆ ಹಾಕಿಲ್ಲ ಎಂಬುದೊಂದೇ ಸಮಾಧಾನ. ಕೆಳಗೆ ಈರಣ್ಣನ ಬರಹ: ‘ಸಾಗರ ತೀರದಲ್ಲಿ ಧ್ಯಾನಮಗ್ನಳಾದ ನಮ್ಮವ್ವ.’ ಅದರ ಕೆಳಗೆ ಸಾಲುಸಾಲು ಕೈಮುಗಿದ ಗುರುತುಗಳು. ರಾಮದುರ್ಗದ ಸೋದರತ್ತೆಯಂತೂ, ಆ ನೀರನ್ನು ಒಂದು ಬಾಟಲಿ ತಂದಿದ್ದರೆ ಮನೆಗೆಲ್ಲ ಚಿಮುಕಿಸಬಹುದಿತ್ತು ಎಂದು ಬರೆದಿದ್ದಳು.

ನಾನು ಚಹಾದ ಲೋಟ ಕೆಳಗಿಟ್ಟು ಖಂಡನೆ ಬರೆಯಲು ಶುರುಮಾಡಿದೆ.

ನನ್ನ ಸ್ವಭಾವ ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೈಲಹೊಂಗಲದ ಕಾಲೇಜಿನಲ್ಲಿದ್ದಾಗ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಕಿತ್ತೂರು, ಸವದತ್ತಿ, ಧಾರವಾಡ ಎಂದು ಬಸ್ಸು ಹತ್ತಿ ಇಳಿದು ಗೆದ್ದು ತಂದ ಬಹುಮಾನದ ಢಾಲುಗಳು ಇನ್ನೂ ನಮ್ಮ ಮನೆಯ ಕಪಾಟಿನ ಮೇಲೆ ಧೂಳು ತಿನ್ನುತ್ತಿವೆ. ಮುಂಜಾನೆ ಪರವಾಗಿ ಮಾತಾಡಿದ ವಿಷಯಕ್ಕೆ ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡರಲ್ಲೂ ಗೆದ್ದ ದಿನಗಳಿವೆ. ‘ಈಕಿ ಗ್ವಾಡಿ ಜೋಡಿನೂ ವಾದಾ ಮಾಡ್ತಾಳ, ಗ್ವಾಡಿನ ಸೋಲತೈತಿ’ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅದು ಹೊಗಳಿಕೆಯೋ ದೂರೋ ಎಂದು ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ಆದರೆ ಇದು ಬರೀ ಚಟದ ಖಂಡನೆಯಲ್ಲ. ಧ್ಯಾನವೋ ನಿದ್ದೆಯೋ, ಏನಾದರೇನು ಎಂದು ನೀವು ಕೇಳಬಹುದು. ನನ್ನ ವಾದ ಕೇಳಿ. ಧ್ಯಾನವಾದರೆ ಅದರ ಕೀರ್ತಿ ಸಮುದ್ರಕ್ಕೆ ಹೋಗುತ್ತದೆ, ಅದು ಬಾಳಿನಲ್ಲಿ ಒಮ್ಮೆ ಆಗುವ ಯಾತ್ರೆಯಾಗುತ್ತದೆ. ಚೌಕಟ್ಟು ಹಾಕಿ ತೂಗಿಬಿಟ್ಟರೆ ಮುಗಿಯಿತು. ಬಿಡುವು ಎಂದಾದರೆ ಹಾಗಲ್ಲ. ಬಿಡುವು ಒಮ್ಮೆ ಸಿಕ್ಕಿದ್ದು ಮತ್ತೊಮ್ಮೆಯೂ ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಗಂಡಸು ಸುಮ್ಮನೆ ಕೂತರೆ ಯಾರೂ ಕಾರಣ ಕೇಳುವುದಿಲ್ಲ. ಹೆಂಗಸು ಸುಮ್ಮನೆ ಕೂತರೆ ಒಂದೋ ಜ್ವರ ಬಂದಿರಬೇಕು, ಇಲ್ಲವೋ ದುಃಖ ಬಂದಿರಬೇಕು, ಇಲ್ಲವೋ ದೇವರು ಬಂದಿರಬೇಕು. ದೊಡ್ಡವ್ವನಿಗೆ ಆ ದಿನ ಈ ಮೂರೂ ಬಂದಿರಲಿಲ್ಲ. ಅವಳಿಗೆ ಬಾಳಿನಲ್ಲಿ ಒಂದು ದಿನದ ಬಿಡುವು ಸಿಕ್ಕಿತ್ತು. ಅದನ್ನೂ ಈ ಜನ ದೇವರ ಪಾಲಿಗೆ ಬರೆದು, ಅವಳನ್ನು ಮತ್ತೆ ಒಲೆಯ ಮುಂದೆ ಕೂರಿಸಿರುತ್ತಾರೆ ಎಂಬುದೇ ನನ್ನ ಸಿಟ್ಟು.

ಒಲೆ ಎಂದಾಗ ಸೋಮವಾರದ ಮಾತು ಹೇಳಲೇಬೇಕು. ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಹದ ಇರಲಿ, ಎಷ್ಟೇ ಬಿತ್ತಿಗೆ ಉಳಿದಿರಲಿ, ಆ ದಿನ ನೊಗ ಗೋಡೆಗೆ ಒರಗಿರುತ್ತದೆ. ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ನೆರಳಿಗೆ ಕಟ್ಟಿ ಮೇವು ಹಾಕುತ್ತಾರೆ. ಈಗ ದೊಡ್ಡಪ್ಪ ಟ್ರ್ಯಾಕ್ಟರ್ ತಂದಿದ್ದಾರೆ. ಅದನ್ನೂ ಸೋಮವಾರ ಹೊಲಕ್ಕೆ ಇಳಿಸುವುದಿಲ್ಲ, ಎತ್ತಿನ ಕೆಲಸ ಮಾಡುವುದಕ್ಕೆ ಎತ್ತಿನ ಮರ್ಯಾದೆ ಸಲ್ಲಬೇಕು ಎನ್ನುತ್ತಾರೆ. ಕಬ್ಬಿಣಕ್ಕೂ ಸೂಟಿ ಕೊಟ್ಟ ಈ ಮನೆಯಲ್ಲಿ ಆ ದಿನ ಅಡುಗೆಮನೆಗೆ ಮಾತ್ರ ದುಪ್ಪಟ್ಟು ಕೆಲಸ. ಗಂಡಸರೆಲ್ಲ ಮನೆಯಲ್ಲೇ ಇರುತ್ತಾರಲ್ಲ. ಹತ್ತು ಗಂಟೆಗೊಂದು ಚಹಾ, ಹನ್ನೊಂದಕ್ಕೆ ಬಂದ ಬೀಗರಿಗೊಂದು ಚಹಾ, ವಾರ ಎಂದು ಹೋಳಿಗೆಯೋ ಹುಗ್ಗಿಯೋ ಬೇರೆ.

ದೊಡ್ಡವ್ವ ಮಸ್ಕತ್ತಿಗೆ ಬಂದದ್ದೂ ಅಡುಗೆಗೇ. ಹೋದ ವರ್ಷ ಇದೇ ಹೊತ್ತಿಗೆ ನಾನು ಇಲ್ಲಿ ನಮ್ಮ ಕಟ್ಟಡದ ಒರೆಸಿದ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡೆ. ಬೈಲಹೊಂಗಲದಲ್ಲಿರುವ ಅಪ್ಪ ಅವ್ವನಿಗೆ ಸುದ್ದಿ ಮುಟ್ಟಿತು. ಅಪ್ಪ ಫೋನಿನಲ್ಲಿ ಲೆಕ್ಕ ಹಾಕಿದರು: ‘ನಿಮ್ಮವ್ವಗ ಸಾಲಿ ಐತಿ. ನನಗ ಆಫೀಸ ಐತಿ. ದೊಡ್ಡವ್ವ ಖಾಲಿನ ಇರತಾಳಲ್ಲ, ಆಕಿನ್ನ ಕಳಸತೇವಿ.’ ಈ ಖಾಲಿ ಇರುವ ದೊಡ್ಡವ್ವ ಕೋಳಿಗಿಂತ ಮೊದಲು ಎದ್ದು, ಎಮ್ಮೆಗಳ ಹಾಲು ಹಿಂಡಿ, ಮನೆಮಂದಿಗೂ ಹೊಲದ ಆಳುಗಳಿಗೂ ರೊಟ್ಟಿ ಬಡಿಯುವವಳು. ಅವಳಿಗೆ ಹಾಜರಿ ಪುಸ್ತಕ ಇಲ್ಲವಾದ್ದರಿಂದ ಖಾಲಿ ಎಂದು ಗಣನೆ.

ಪಾಸ್‌ಪೋರ್ಟು ಹೇಗೋ ತಯಾರಿತ್ತು. ಅದರದೂ ಒಂದು ಕತೆ. ಹಿಂದೊಮ್ಮೆ ಊರ ಭಜನಾ ಮೇಳದವರು ನೇಪಾಳಕ್ಕೆ ದೇವರ ದರ್ಶನಕ್ಕೆ ಹೊರಟಿದ್ದರು. ಬೇರೆ ದೇಶ ಅಂದಮೇಲೆ ಪಾಸ್‌ಪೋರ್ಟು ಬೇಕೇ ಬೇಕು ಎಂದು ಯಾರೋ ಹೇಳಿ, ಎಲ್ಲರೂ ಬೆಳಗಾವಿಗೆ ಓಡಾಡಿ ಮಾಡಿಸಿಕೊಂಡರು. ನೇಪಾಳಕ್ಕೆ ಅದು ಬೇಕಾಗಿಯೇ ಇಲ್ಲ ಎಂದು ಆಮೇಲೆ ಗೊತ್ತಾದಾಗ ದೊಡ್ಡಪ್ಪನಿಗೆ ಎಷ್ಟು ಸಿಟ್ಟು ಬಂತೆಂದರೆ, ‘ಪಾಸ್‌ಪೋರ್ಟ ಕೇಳದ ದೇಶ ಎಂಥಾ ದೇಶ’ ಎಂದು ಯಾತ್ರೆಯನ್ನೇ ಕೈಬಿಟ್ಟರು. ದೊಡ್ಡವ್ವನ ಪಾಸ್‌ಪೋರ್ಟು ಸೀರೆಗಳ ಕೆಳಗೆ ಮಲಗಿತ್ತು. ನನ್ನ ಕೈ ಮುರಿದು ಅದಕ್ಕೆ ಕೆಲಸ ಬಂತು.

ಬರುವಾಗ ಅವಳ ಗಂಟಿನಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಾರ, ಎಷ್ಟು ದಿನವಿಟ್ಟರೂ ಕೆಡದ ಕಟಕ ರೊಟ್ಟಿ. ವಿಮಾನದಿಂದ ಇಳಿದ ಮರುದಿನವೇ ನನ್ನ ಎರಡು ಕೋಣೆಯ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿತು. ಕೆಳಗಿನ ಮನೆಯ ಫಿಲಿಪಿನೋ ನರ್ಸು ಏನು ರಿಪೇರಿ ನಡೆದಿದೆ ಎಂದು ಕೇಳಲು ಬಂದಳು. ದೊಡ್ಡವ್ವ ಅವಳ ಕೈಗೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಬದಿಗೆ ಚಟ್ನಿ ಇಟ್ಟಳು. ಮರುದಿನದಿಂದ ಸಪ್ಪಳ ಕೇಳಿದೊಡನೆ ಆ ನರ್ಸು ತಾಟು ಹಿಡಿದುಕೊಂಡೇ ಮೇಲೆ ಬರತೊಡಗಿದಳು.

ಒಟ್ಟಿನಲ್ಲಿ ದೊಡ್ಡವ್ವ ವಿದೇಶಕ್ಕೆ ಬಂದಿರಲಿಲ್ಲ. ಅವಳ ಅಡುಗೆಮನೆ ವಿದೇಶಕ್ಕೆ ಬಂದಿತ್ತು, ಜೊತೆಗೆ ಅವಳು ಬಂದಿದ್ದಳು. ಎಲ್ಲಿಗೆ ಹೋದರೂ ಅವಳ ಪಾಡು ಅದೇ. ಸವದತ್ತಿ ಗುಡ್ಡಕ್ಕೆ ಹೋದರೆ ಮೂರು ಕಲ್ಲು ಹೂಡಿ ಹೋಳಿಗೆ ಮಾಡಿದ್ದಾಳೆ. ನವಿಲುತೀರ್ಥದ ಆಣೆಕಟ್ಟು ನೋಡಲು ಹೋದಾಗ ನಾವೆಲ್ಲ ನೀರು ನೋಡಿದೆವು, ಅವಳು ಜುಣಕದ ಹಿಟ್ಟು ತಿರುವಿದಳು. ಇದನ್ನು ಇಲ್ಲಿ ಮುರಿಯಬೇಕೆಂದು ನಾನು ಪಣತೊಟ್ಟೆ. ಒಮಾನಿನಲ್ಲಿ ಶುಕ್ರವಾರ ರಜೆ. ಒಂದು ಗುರುವಾರ ಸಂಜೆ ಶುರುಮಾಡಿದೆ.

‘ದೊಡ್ಡವ್ವ, ನಾಳೆ ಸೂಟಿ. ನಾಳೆ ಅಡಿಗಿ ಬ್ಯಾಡ.’

‘ಸೂಟಿ ನಿನಗ. ಹೊಟ್ಟಿಗೆಲ್ಲಿ ಸೂಟಿ?’

‘ಹೊರಗ ಉಣ್ಣೂಣು.’

‘ನೀ ಉಣ್ಣು. ನಾ ಮನ್ಯಾಗ ಎರಡ ರೊಟ್ಟಿ ಬಡಕೊಂಡ ಇರತೇನಿ.’

ಆಗ ನಾನು ಬತ್ತಳಿಕೆಯ ದೊಡ್ಡ ಬಾಣ ತೆಗೆದೆ. ‘ಎತ್ತಿಗೆ ಸೋಮವಾರ ಐತಿ. ಟ್ರ್ಯಾಕ್ಟರಿಗೂ ಐತಿ. ನಿನಗ ಯಾವ ವಾರ ಐತಿ, ಹೇಳು.’

ದೊಡ್ಡವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ‘ಎತ್ತು ಬಸವಣ್ಣ. ನಾ ಏನ ಬಸವಣ್ಣ ಅದೇನಿ?’

‘ಎತ್ತಿಗಿಂತ ಕಡಿಮಿ ಏನು ನೀ?’

‘ಕಡಿಮಿ ಹೆಚ್ಚಿನ ಮಾತಲ್ಲ ತಂಗಿ. ಎತ್ತಿಗೆ ಸಾಕಾದ್ರ ನಡು ಸಾಲಿನ್ಯಾಗ ಮಲಗಿಬಿಡತೈತಿ, ಯಾರು ಬಡದ್ರೂ ಏಳೂದಿಲ್ಲ. ಅದಕ್ಕ ಅದಕೊಂದ ವಾರ ಕೊಟ್ಟಾರ. ನಾವು ಒಂದ ಮಾತ ಬೈದ್ರ ಎದ್ದಬಿಡತೇವಿ. ನಮಗ್ಯಾಕ ಕೊಡತಾರ?’

ಇಷ್ಟು ಚೊಕ್ಕ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಅದು ನನ್ನ ಪರವಾಗಿತ್ತೋ ವಿರೋಧವಾಗಿತ್ತೋ ತಿಳಿಯದೆ ಇನ್ನಷ್ಟು ಮಾತಾಡಿದೆ. ಸಮಾನತೆ, ಶ್ರಮ, ಹಕ್ಕು ಎಲ್ಲ ಬಂದವು. ಅವಳು ತಾಳ್ಮೆಯಿಂದ ಕೇಳಿದಳು. ಕೊನೆಗೆ ಬೆಳ್ಳುಳ್ಳಿ ಸಿಪ್ಪೆ ಗುಡಿಸಿ ಕೇಳಿದಳು: ‘ಮುಗೀತೇನ ಭಾಷಣ? ನಾಳೆ ಬುತ್ತಿಗೆ ಎಷ್ಟ ರೊಟ್ಟಿ ಬಡೀಲಿ?’

ಹೀಗೆ ಬುತ್ತಿ ಕಟ್ಟಿಕೊಂಡೇ ಹೊರಟೆವು. ಕರೆದುಕೊಂಡು ಹೋಗಲು ಬಂದವರು ದಾದಾಪೀರಣ್ಣ. ನಮ್ಮ ಶಾಲೆಯ ಬಸ್ಸಿನ ಚಾಲಕರು, ಮುನವಳ್ಳಿಯವರು. ನವಿಲುತೀರ್ಥದ ಹಿನ್ನೀರಿನಲ್ಲಿ ಈಜು ಕಲಿತವರು. ಪರದೇಶದಲ್ಲಿ ನಮ್ಮ ಸೀಮೆಯ ಮಾತು ಕೇಳಿದರೆ ಅವರಿಗೆ ಮಾವಿನಕಾಯಿ ಕಂಡಷ್ಟು ಸಂತೋಷ. ಗೆಳೆಯನ ಕಾರು ತಂದಿದ್ದರು. ದಾರಿಯುದ್ದಕ್ಕೂ ಅವರದೂ ದೊಡ್ಡವ್ವನದೂ ಮಳೆ ಬೆಳೆ ಮಾತು. ನಾನು ಹಿಂದೆ, ಕಟ್ಟು ಹಾಕಿದ ಕೈ ಎತ್ತಿ ಹಿಡಿದು, ಸಾಮಾನಿನ ಹಾಗೆ ಕೂತಿದ್ದೆ.

ಮತ್ರಾದ ತಿರುವಿನಲ್ಲಿ ಕಾರು ನಿಂತಿತು. ದೊಡ್ಡವ್ವ ಇಳಿದು ಸೆರಗು ಸರಿಮಾಡಿಕೊಂಡು ನೋಡಿದಳು. ಎಡಕ್ಕೆ ಬೆಳ್ಳಗಿನ ಮನೆಗಳ ಸಾಲು, ಬೆನ್ನಿಗೆ ಒಣ ಕಂದು ಗುಡ್ಡಗಳು, ಅವುಗಳ ಮೇಲೊಂದು ಪುಟ್ಟ ಕೋಟೆ, ಮುಂದೆ ನೀರು. ಅವಳ ಮೊದಲ ಮಾತು ಸಮುದ್ರದ ಬಗ್ಗೆ ಅಲ್ಲವೇ ಅಲ್ಲ. ‘ಕ್ವಾಟಿ ನಮ್ಮ ಕಿತ್ತೂರಿಂದಕ್ಕಿಂತ ಸಣ್ಣದೈತಿ. ಆದ್ರ ಗ್ವಾಡಿ ಉಳಿಸಿಕೊಂಡಾರ ನೋಡು.’ ಆಮೇಲೆ ನೀರಿನ ಕಡೆ ತಿರುಗಿದಳು. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ಆಚೆ ದಂಡೆ ಹುಡುಕಿದಳು.

‘ನಮ್ಮ ಡ್ಯಾಮಿಂದು ಅತ್ತಾಗಿನ ದಂಡಿ ಕಾಣತೈತಿ. ಇದರದು ಎಲ್ಲೈತಿ?’

‘ಕಾಣೂದಿಲ್ಲ ಯವ್ವಾ. ಹಡಗದಾಗ ಹೋಗಬೇಕ,’ ಎಂದರು ದಾದಾಪೀರಣ್ಣ.

‘ಇಷ್ಟ ನೀರ ಯಾವ ಹೊಲಕ್ಕ ಬಿಡತಾರ್ರಿ?’

‘ಉಪ್ಪನೀರ್ರಿ. ಯಾವ ಹೊಲಕ್ಕೂ ನಡಿಯಾಂಗಿಲ್ಲ.’

‘ಕುಡ್ಯಾಕ?’

‘ಹಿಂಗ ಬೊಗಸಿ ಹಿಡದ ಕುಡ್ಯಾಕ ಬರೂದಿಲ್ಲ.’

ಉಪ್ಪು ತೆಗೆದು ಕುಡಿಯುವ ನೀರು ಮಾಡುತ್ತಾರೆ, ಈ ಊರು ಬದುಕಿರುವುದೇ ಅದರ ಮೇಲೆ ಎಂದು ನಾನು ಬಾಯಿ ತೆರೆದೆ. ದಾದಾಪೀರಣ್ಣ ನನ್ನ ಕಡೆ ನೋಡಿ, ಇರಲಿ ಬಿಡು ತಂಗಿ ಎಂಬಂತೆ ತಲೆ ಆಡಿಸಿದರು. ಬಿಟ್ಟೆ.

ದೊಡ್ಡವ್ವ ನೀರನ್ನೇ ನೋಡುತ್ತ ಹೇಳಿದಳು: ‘ಹಂಗಾರ ಇಷ್ಟ ನೀರ ಕೆಲಸಿಲ್ಲದ ಸುಮ್ನ ಕುಂತೈತಿ ಅನ್ರಿ.’ ನನ್ನ ಕಡೆ ತಿರುಗಿ, ‘ಯಾರೂ ಬೈಯೂದಿಲ್ಲಲ್ಲ,’ ಎಂದಳು.

ದಾದಾಪೀರಣ್ಣ ನಗುತ್ತ ನಮಾಜಿಗೆ ಹೊರಟರು. ಅವರ ಕಾರು ತಿರುವು ದಾಟಿ ಮರೆಯಾದ ಮೇಲೆ ನಮಗೆ ಗೊತ್ತಾಯಿತು, ಬುತ್ತಿ ಮನೆಯಲ್ಲೇ ಉಳಿದಿತ್ತು. ನನಗೆ ಒಂದೇ ಕೈ, ಹಾಗಾಗಿ ಅವಳು ತಂದಿರುತ್ತಾಳೆ ಎಂದು ನಾನು. ಹೊರಡುವಾಗ ನಾನು ಬಾಗಿಲ ಬಳಿ ಏನೋ ಎತ್ತಿಕೊಂಡಂತೆ ಕಂಡಿತು ಎಂದು ಅವಳು. ನಾನು ಎತ್ತಿಕೊಂಡದ್ದು ನನ್ನ ಪುಸ್ತಕದ ಚೀಲ. ರೊಟ್ಟಿ, ಪುಂಡಿಪಲ್ಯ, ಮೊಸರಿನ ಡಬ್ಬಿ ಎಲ್ಲ ಚಪ್ಪಲಿ ಗೂಡಿನ ಮೇಲೆ ತಣ್ಣಗೆ ಕೂತಿದ್ದವು.

ದೊಡ್ಡವ್ವನ ಮುಖ ನೋಡಬೇಕಿತ್ತು. ಮಗುವನ್ನು ಮರೆತು ಬಂದವಳ ಹಾಗಾಗಿತ್ತು. ಹೊತ್ತು ಏರುತ್ತಿದೆ, ಹುಡುಗಿಗೆ ಹಸಿವಾಗುತ್ತದೆ, ಔಷಧ ತಗೊಳ್ಳಬೇಕು, ಕಾರಿಲ್ಲ, ದಾರಿ ಗೊತ್ತಿಲ್ಲ. ಮಾಡುವುದಕ್ಕೆ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಮೊದಲು ಕಟ್ಟೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಯಾರೋ ಬಿಟ್ಟುಹೋದ ಕಾಗದದ ಲೋಟಗಳನ್ನು ಒಂದರೊಳಗೊಂದು ಇಟ್ಟಳು. ನನ್ನ ಕೈಕಟ್ಟಿನ ಸಡಿಲ ದಾರಗಳನ್ನು ಕಿತ್ತಳು. ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಇವತ್ತು ಕೆಲಸವಿಲ್ಲ ಎಂಬ ಸುದ್ದಿ ಅವಳ ತಲೆಗೆ ಮುಟ್ಟಿತ್ತು, ಕೈಗಳಿಗೆ ಮುಟ್ಟಿರಲಿಲ್ಲ. ಅವು ಒಂದಾದ ಮೇಲೊಂದು ಏನನ್ನೋ ಹುಡುಕುತ್ತಲೇ ಇದ್ದವು. ಕೊನೆಗೆ ಸಿಗದೆ, ಮಡಿಲಲ್ಲಿ ಒಂದರ ಮೇಲೊಂದು ಬಂದು ಬಿದ್ದವು.

ನಮ್ಮ ಕಟ್ಟೆಯ ಇನ್ನೊಂದು ತುದಿಗೆ ಒಬ್ಬ ಒಮಾನಿ ಮುದುಕಿ ಬಂದು ಕೂತಳು. ಕರಿಯ ಮೇಲುಡುಪು, ಕೈಯಲ್ಲಿ ಕಾಫಿಯ ಫ್ಲಾಸ್ಕು, ಖರ್ಜೂರದ ಡಬ್ಬಿ. ದೊಡ್ಡವ್ವನಿಗೆ ಖರ್ಜೂರ ಕೊಟ್ಟು ಅರಬಿಯಲ್ಲಿ ಏನೋ ಕೇಳಿದಳು. ದೊಡ್ಡವ್ವ, ‘ಹೌದ್ರಿ, ಮೊಣಕಾಲ ಭಾಳ ಹರೀತಾವು, ಇಳಿ ವಯಸ್ಸಲ್ಲ,’ ಎಂದು ಉತ್ತರಿಸಿದಳು. ಮುದುಕಿ ತನ್ನ ಮೊಣಕಾಲು ತೋರಿಸಿ ನಿಟ್ಟುಸಿರು ಬಿಟ್ಟಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಎದುರಾಳಿಯ ಒಂದು ಶಬ್ದವೂ ತಿಳಿಯದೆ ಇಷ್ಟು ಒಮ್ಮತಕ್ಕೆ ಬಂದ ಚರ್ಚೆಯನ್ನು ನಾನು ನೋಡಿದ್ದು ಅದೊಂದೇ.

ಆ ಮುದುಕಿ ಎದ್ದು ಹೋದ ಮೇಲೆ ನಾನು ಕೇಳಿದೆ: ‘ಹಿಂಗ ಸುಮ್ನ ಕುಂತ ಎಷ್ಟ ದಿನಾ ಆಗಿತ್ತು ದೊಡ್ಡವ್ವ?’

ನೆನಪು ಮಾಡಿಕೊಂಡಳು. ‘ಈರಣ್ಣ ಹುಟ್ಟಿದಾಗ. ಬಾಣಂತನಕ್ಕ ಸಾಲಹಳ್ಳಿಗೆ ಹೋಗಿದ್ನಲ್ಲ, ತವರಮನಿಗೆ. ಅವಾಗ ಕುಂತಿದ್ದೆ.’ ಮತ್ತೆ ಒಂದು ಗಳಿಗೆಗೆ, ‘ಅದೂ ಕುಂತದ್ದಲ್ಲ ಬಿಡು. ಕುಂಡ್ರಿಸಿದ್ದು.’

ನಮಾಜು ಮುಗಿಸಿ ದಾದಾಪೀರಣ್ಣ ಬಂದರು. ನಾನು ಫೋನಿನಲ್ಲಿ ಹೇಳಿದ್ದರಿಂದ ಹೋಟೆಲಿನ ಪರೋಟ, ದಾಲು, ಕಾಯಿಪಲ್ಯ ಕಟ್ಟಿಸಿಕೊಂಡು ಬಂದಿದ್ದರು. ಅವರ ಬಾಯಿ ಸುಮ್ಮನಿರಲಿಲ್ಲ. ‘ಏನ ಯವ್ವಾ, ಬುತ್ತಿ ಮರತ ಬಂದಿರಂತ? ನಮ್ಮ ದೇಶದ ಮರ್ಯಾದಿ ಹೋತಲ್ರಿ. ಏಳ್ರಿ, ಹತ್ರಿ ಗಾಡಿ, ಮನಿಗೆ ಬಿಡತೇನಿ. ಬಿಸಿ ಅಡಿಗಿ ಮಾಡೀರಿ, ನಾನೂ ಉಣತೇನಿ.’

ಅವಳು ಏಳುತ್ತಾಳೆ ಎಂದೇ ನಾನು ಚಪ್ಪಲಿ ಮೆಟ್ಟಿಕೊಂಡೆ. ದೊಡ್ಡವ್ವ ಏಳಲಿಲ್ಲ.

‘ಇರ್ಲಿ ತಡೀರಿ. ಅದನ್ನ ಇಲ್ಲೇ ಬಿಚ್ರಿ, ಉಣ್ಣೂಣು. ನಾ ಇನ್ನೊಂದೀಟ ಕುಂಡ್ರತೇನಿ.’

ನನ್ನ ಭಾಷಣದಿಂದ ಆಗದ್ದು ಒಂದು ಮರೆವಿನಿಂದ ಆಯಿತು ಎಂದು ನೀವು ನಗಬಹುದು. ನಕ್ಕುಬಿಡಿ. ಆದರೆ ಬುತ್ತಿ ಮರೆತದ್ದು ಅಕಸ್ಮಾತ್ತು, ಈ ಮಾತು ಅಕಸ್ಮಾತ್ತಲ್ಲ. ಕಾರು ಬಂದು ನಿಂತಿತ್ತು, ಮನೆ ಹತ್ತಿರವಿತ್ತು, ಹಿಟ್ಟು ಇತ್ತು. ಎಲ್ಲವೂ ಇದ್ದು ಅವಳು ಕೂತಳು. ಬೇರೆಯವರ ಕೈಯ ಅಡುಗೆ ಉಂಡಳು. ‘ಪರೋಟದಾಗ ಎಣ್ಣಿ ಭಾಳ, ದಾಲಿನ್ಯಾಗ ಉಪ್ಪ ಕಡಿಮಿ’ ಎಂದು ಹೆಸರಿಟ್ಟು ಪೂರ್ತಿ ಉಂಡಳು. ಚಹಾ ಕುಡಿದಳು. ಆಮೇಲೆ ಕಟ್ಟೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಮಡಚಿಕೊಂಡು, ನೀರಿನ ಕಡೆ ಮುಖ ಮಾಡಿ ಕೂತಳು. ನಾನು ದಾದಾಪೀರಣ್ಣನ ಜೊತೆ ಶಾಲೆಯ ರಾಜಕೀಯ ಮಾತಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದಿಂದ ಸಣ್ಣಗೆ ಗಿರಣಿ ಸಪ್ಪಳ ಬಂತು. ತಿರುಗಿದರೆ ಅವಳ ಕಣ್ಣು ಮುಚ್ಚಿದ್ದವು. ಪೊರೆ ತೆಗೆಸಿಕೊಂಡ ಕಣ್ಣಿಗೆ ಗಾಳಿ ತಾಗಿ ನೀರು ಇಳಿದಿತ್ತು. ಆ ಮುಖದಲ್ಲಿ ಏನೋ ಇತ್ತು. ಎಡಗೈಯಿಂದಲೇ ಫೋಟೋ ತೆಗೆದೆ, ಮನೆಯ ಗುಂಪಿಗೆ ಕಳಿಸಿದೆ. ಕೆಳಗೆ ಏನೂ ಬರೆಯಲಿಲ್ಲ. ವಾದಿಯಾದವಳು ಸಾಕ್ಷ್ಯವನ್ನು ವಿವರಣೆಯಿಲ್ಲದೆ ಹೊರಗೆ ಬಿಡಬಾರದಿತ್ತು. ಖಾಲಿ ಜಾಗವನ್ನು ದೊಡವಾಡ ತುಂಬಿಕೊಂಡಿತು.

ಆ ಸಂಜೆ ಮನೆಗೆ ಬಂದು ಚಪ್ಪಲಿ ಗೂಡಿನ ಮೇಲಿನ ಬುತ್ತಿಯನ್ನೇ ಬಿಚ್ಚಿ ಉಂಡೆವು. ಒಲೆ ಹೊತ್ತಲಿಲ್ಲ. ತಿಂಗಳಾದ ಮೇಲೆ ನನ್ನ ಕೈ ಕೂಡಿತು, ಅವಳು ಊರಿಗೆ ಹೋದಳು.

ಇವಿಷ್ಟನ್ನು ಒಂದೊಂದಾಗಿ ಬರೆದಿದ್ದೆ. ಧ್ಯಾನವಲ್ಲ, ನಿದ್ದೆ. ಕಣ್ಣೀರಲ್ಲ, ಗಾಳಿ. ಕೂತದ್ದು ಸಮುದ್ರಕ್ಕಾಗಿ ಅಲ್ಲ, ತನಗಾಗಿ. ಕೊನೆಗೆ, ಇಂಥ ಒಂದು ದಿನವನ್ನು ಅವಳಿಗೆ ಪ್ರತಿ ವಾರ ಏಕೆ ಕೊಡಬಾರದು ಎಂಬ ಚುಚ್ಚು. ಇನ್ನು ಬೆರಳು ಒತ್ತಿದರೆ ಮುಗಿಯಿತು. ಆದರೆ ಚರ್ಚೆಯಲ್ಲಿ ನಾನು ಪಾಲಿಸುವ ಒಂದು ನಿಯಮ ಇದೆ. ಸಾಕ್ಷಿ ಬದುಕಿರುವಾಗ ಸಾಕ್ಷಿಯನ್ನು ಕೇಳದೆ ವಾದ ಮುಗಿಸಬಾರದು. ದೊಡವಾಡದ ಮನೆಗೆ ಫೋನು ಹಚ್ಚಿದೆ. ಎತ್ತಿದವಳು ಈರಣ್ಣನ ಹೆಂಡತಿ, ಸವಿತಾ ವೈನಿ.

‘ದೊಡ್ಡವ್ವಗ ಕೊಡ್ರಿ ವೈನಿ.’

‘ತಡಿ ತಂಗಿ, ಮಾಳಗಿ ಮ್ಯಾಲ ಅದಾರ. ಸೋಮವಾರಲ್ಲ.’

‘ಸೋಮವಾರ ಆದ್ರೇನು?’

‘ನಿನಗ ಗೊತ್ತಿಲ್ಲೇನ? ನಿಮ್ಮ ಊರಾಗ ಸಮುದ್ರದ ಮುಂದ ಹರಕಿ ಹೊತ್ತ ಬಂದಾರ. ಸೋಮವಾರ ಒಲಿ ಮುಟ್ಟಂಗಿಲ್ಲ.’

ನನ್ನ ಹಳೆಯ ಚಾಳಿ ಕೆಲಸ ಮಾಡಿತು. ‘ಹಂಗಾರ ಆ ಅಡಿಗಿ ನಿಮ್ಮ ಕೊಳ್ಳಿಗೆ ಬಿತ್ತನ್ರಿ.’

‘ಇಲ್ಲವಾ.’ ವೈನಿಯ ದನಿ ತಗ್ಗಿತು, ಅದರೊಳಗೆ ನಗು ಇತ್ತು. ‘ಹರಕಿ ಮನ್ಯಾಗಿನ ಹೆಣ್ಣಮಕ್ಕಳಿಗೆಲ್ಲಾ ಕೂಡಿ ಐತಂತ. ನಾ ಮುಟ್ಟಿದ್ರೂ ಕೆಡತೈತಂತ.’

‘ಮತ್ತ ಗಂಡಸರು?’

‘ರವಿವಾರದ ಕಟಕ ರೊಟ್ಟಿ ಇರತಾವಲ್ಲ. ಮಾವನವರು ಅನ್ನಕ್ಕ ಇಡಾಕ ಕಲತಾರ. ಮೊದಲ ಮೊದಲ ತಳಾ ಹತ್ತಸತಿದ್ರು, ಈಗ ಪಾಡ ಆಗತೈತಿ. ನಿಮ್ಮಣ್ಣ ಚಹಾ ಮಾಡತಾರ. ಸಕ್ರಿ ಡಬ್ಬಿ ಎಲ್ಲೈತಿ ಅಂತ ವಾರಾ ವಾರಾ ಕೇಳತಾರ, ನಾವು ಹೇಳೂದಿಲ್ಲ.’

‘ದೊಡ್ಡಪ್ಪ ಒಪ್ಪಿದ್ರ?’

‘ಹರಕಿಗೆ ಯಾರ ಏನ ಅನ್ನಾಕ ಬರತೈತಿ? ಫೋಟೋ ಐತಿ, ಕಣ್ಣಾಗ ನೀರ ಬಂದಾವ. ಮಾವನವರ ನಿಂತ ಚೌಕಟ್ಟ ಹಾಕಿಸ್ಯಾರ.’

ವೈನಿ ಮಾಳಿಗೆ ಹತ್ತುವ ಸಪ್ಪಳ ಕೇಳುತ್ತಿತ್ತು. ನಾನು ಎದುರಿನ ನೀರು ನೋಡುತ್ತ ಕೂತಿದ್ದೆ. ಹಕ್ಕು ಎಂದರೆ ನಮ್ಮ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಹರಕೆ ಎಂದರೆ ಚರ್ಚೆ ಮುಗಿಯುತ್ತದೆ. ಈ ಸರಳ ಸಂಗತಿ ಢಾಲು ತಂದವಳಿಗೆ ಹೊಳೆದಿರಲಿಲ್ಲ. ನನ್ನ ಬೆರಳಿನ ಕೆಳಗಿದ್ದ ಆ ಸತ್ಯವಾದ, ಅಚ್ಚುಕಟ್ಟಾದ ಖಂಡನೆ ದೊಡವಾಡ ಮುಟ್ಟಿದ್ದರೆ ಮುಂದಿನ ಸೋಮವಾರ ಆ ಮನೆಯಲ್ಲಿ ಹತ್ತು ಗಂಟೆಗೆ ಚಹಾ ಕೇಳುವ ದನಿ ಮತ್ತೆ ಏಳುತ್ತಿತ್ತು.

‘ಹಲೋ,’ ಎಂದಳು ದೊಡ್ಡವ್ವ.

‘ಏನ ಮಾಡಾಕ ಹತ್ತೀ ದೊಡ್ಡವ್ವ?’

‘ಏನೂ ಇಲ್ಲ.’ ಬಿಸಿಲಿಗೆ ಕಾಲು ಚಾಚಿದವಳ ದನಿ. ಅದನ್ನೂ ಒಂದು ಕೆಲಸದ ಹೆಸರಿನ ಹಾಗೆ ಹೇಳಿದಳು.

‘ಫೋಟೋ ನೋಡಿದೆ. ಎಲ್ಲಾರೂ ಧ್ಯಾನ ಅನ್ನಾಕ ಹತ್ಯಾರ.’

‘ಅನ್ನಲಿ.’

‘ನೀ ಏನಂತಿ?’

‘ನಾ ಎಲ್ಲಿ ಏನಂದೇನಿ? ನಾ ಸುಮ್ನ ಅದೇನಿ. ಅನ್ನವರು ಅವರ.’ ಆಮೇಲೆ ತಾನೇ ಕೇಳಿದಳು: ‘ನಿನಗ ಭಾಳ ಮಾತ ಬರತಾವ. ಅದರಾಗ ಏನರೆ ಬರದೀಯೇನ?’

‘ಇಲ್ಲ,’ ಎಂದೆ. ಹಾಗೆ ಹೇಳುತ್ತಲೇ ಬರೆದದ್ದನ್ನೆಲ್ಲ ಅಳಿಸಿದೆ. ಅಳಿಸಿದಾಗ ಸೋತ ಬೇಸರ ಬರಬೇಕಿತ್ತು, ಬರಲಿಲ್ಲ. ಬಿಸಿಲು ಚೆನ್ನಾಗಿತ್ತು. ಅಲ್ಲಿ ಅವಳು ಕೂತಿದ್ದಳು, ಇಲ್ಲಿ ನಾನು.

‘ಎಷ್ಟ ವಾರದ ಹರಕಿ ಅದು?’

‘ಆ ಸಮುದ್ರ ಬತ್ತೂತನಕ.’

ನಾನು ನಕ್ಕೆ. ಅವಳು ನಗಲಿಲ್ಲ. ಅವಳು ನಗದೆ ಹೋದದ್ದೇ ನನ್ನನ್ನು ಹಿಡಿದು ನಿಲ್ಲಿಸಿತು. ಹರಕೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಏನನ್ನೋ ಬೇಡಿಕೊಳ್ಳುತ್ತಾರೆ, ಅದು ಕೈಗೂಡಿದರೆ ತೀರಿಸುತ್ತಾರೆ. ಕೈಗೂಡದೆ ತೀರಿಸುವ ಪದ್ಧತಿ ಇಲ್ಲ. ಇದೆಲ್ಲ ಅವಳ ಜಾಣತನ ಎಂದು ನಾನು ಇಷ್ಟು ಹೊತ್ತು ನಂಬಿದ್ದೆ. ಗೊರಕೆ ಕೇಳಿದ್ದೇನೆ, ನಿಜ. ಆದರೆ ಗೊರಕೆ ಶುರುವಾಗುವ ಮೊದಲು ನಾನು ಮುಖ ಆ ಕಡೆ ಮಾಡಿ ಶಾಲೆಯ ರಾಜಕೀಯ ಆಡುತ್ತಿದ್ದೆನಲ್ಲ. ಅಷ್ಟು ಹೊತ್ತು ಆ ನೀರಿಗೂ ಅವಳಿಗೂ ನಡುವೆ ಏನು ನಡೆಯಿತು ಎಂಬುದಕ್ಕೆ ನನ್ನ ಬಳಿ ಯಾವ ಸಾಕ್ಷಿಯೂ ಇಲ್ಲ.

ಮಾಳಿಗೆಯ ಮೇಲೆ ಯಾವುದೋ ಹಕ್ಕಿ ಕೂಗಿತು. ಕೆಳಗೆ ಯಾರೋ ಪಾತ್ರೆ ಬೀಳಿಸಿದರು, ದೊಡ್ಡಪ್ಪನೇ ಇರಬೇಕು. ದೊಡ್ಡವ್ವ ಏಳಲಿಲ್ಲ, ಏನಾಯಿತು ಎಂದು ಕೇಳಲೂ ಇಲ್ಲ. ಅವಳ ಉಸಿರು ಫೋನಿನಲ್ಲಿ ನಿಧಾನವಾಗಿ ಬರುತ್ತಿತ್ತು.

‘ದೊಡ್ಡವ್ವ,’ ಎಂದೆ, ‘ಖರೇ ಹೇಳು. ಅವತ್ತ ಏನ ಬೇಡಿದ್ದಿ?’